ಷಟರ್ ರಿಮೋಟ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಕಲಬುರಗಿಯ ಹೊಸ ಬಡಾವಣೆಗಳ ಕಾರ್ ಶೆಡ್‌ಗಳಲ್ಲೂ ಪೇಟೆಯ ಅಂಗಡಿಗಳಲ್ಲೂ ಮೋಟಾರ್ ಷಟರ್ ಈಗ ಅಪರೂಪದ ವಸ್ತುವಲ್ಲ. ಒಂದು ದಿನ ರಿಮೋಟ್ ಒತ್ತಿದರೂ ಷಟರ್ ಅಲುಗಾಡದಿದ್ದರೆ, ಹೊಸ ರಿಮೋಟ್ ಕೊಳ್ಳುವುದಕ್ಕೆ ಮುನ್ನ ದೋಷವು ಕೈಯಲ್ಲಿರುವ ರಿಮೋಟಿನದೋ, ಒಳಗಿನ ಗೋಡೆಗೆ ಹಾಕಿರುವ ಕಂಟ್ರೋಲ್ ಬಾಕ್ಸಿನದೋ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಇದಕ್ಕೆ ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತಿ ನೋಡಿದರೆ ಸಾಕು. ಷಟರ್ ಎದ್ದರೆ ಕರೆಂಟ್ ಇದೆ, ಮೋಟಾರ್ ಸರಿಯಿದೆ ಎಂದರ್ಥ; ಹುಡುಕಾಟ ರಿಮೋಟ್ ಮತ್ತು ಕಂಟ್ರೋಲ್ ಬಾಕ್ಸಿನಲ್ಲಿ ಅದರ ಸಂಕೇತ ಹಿಡಿಯುವ ರಿಸೀವರ್‌ಗಷ್ಟೇ ಸೀಮಿತವಾಗುತ್ತದೆ. ಏಳದಿದ್ದರೆ ಎಂಸಿಬಿ (ಕರೆಂಟ್ ಕಡಿಯುವ ಸುರಕ್ಷಾ ಸ್ವಿಚ್) ಬಿದ್ದಿದೆಯೇ ಎಂದು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟಿರುವಾಗ ಷಟರನ್ನು ಮೇಲಿಂದ ಮೇಲೆ ಏರಿಸಿ ಇಳಿಸಿದರೆ, ಮೋಟಾರಿನೊಳಗಿನ ಉಷ್ಣರಕ್ಷಕವು ತಾನಾಗಿಯೇ ವಿದ್ಯುತ್ತನ್ನು ಕಡಿದುಬಿಡುತ್ತದೆ. ಅದು ಕೆಟ್ಟಿರುವುದಲ್ಲ, ಕಾದಿರುವುದು. ಅರ್ಧ ಗಂಟೆ ತಣಿಯಲು ಬಿಟ್ಟು ಮತ್ತೆ ಪ್ರಯತ್ನಿಸಿ. ಮನೆಯಲ್ಲಿ ಎರಡನೆಯ ರಿಮೋಟ್ ಇದ್ದರೆ ಅದನ್ನೂ ಒತ್ತಿ ನೋಡಿ. ಅದು ಕೆಲಸ ಮಾಡಿ ಮೊದಲಿನದು ಮಾಡದಿದ್ದರೆ ಕಂಟ್ರೋಲ್ ಬಾಕ್ಸನ್ನು ಮುಟ್ಟುವ ಅಗತ್ಯವೇ ಇಲ್ಲ.

ರಿಮೋಟಿನಲ್ಲಿ ಮೊದಲ ಅನುಮಾನ ಸೆಲ್ಲಿನ ಮೇಲೆ. ಕೆಂಪು ದೀಪ ಹೊತ್ತುತ್ತಿದೆಯಲ್ಲ, ಸೆಲ್ ಚೆನ್ನಾಗಿದೆ ಎಂದು ಬಹುಪಾಲು ಜನ ತೀರ್ಮಾನಿಸಿಬಿಡುತ್ತಾರೆ. ಆದರೆ ದೀಪ ಹೊತ್ತಲು ಅತ್ಯಲ್ಪ ವಿದ್ಯುತ್ ಸಾಕು, ಸಂಕೇತವನ್ನು ದೂರಕ್ಕೆ ಕಳಿಸಲು ಅಷ್ಟು ಸಾಲದು. ರಸ್ತೆಯಿಂದಲೇ ತೆರೆಯುತ್ತಿದ್ದ ಷಟರ್ ಕೆಲವು ವಾರಗಳಿಂದ ಹತ್ತಿರ ಹೋದರೆ ಮಾತ್ರ ತೆರೆಯುತ್ತಿದ್ದರೆ ಸೆಲ್ ಸೊರಗುತ್ತಿದೆ ಎಂದೇ ತಿಳಿಯಬೇಕು. ರಿಮೋಟಿನ ಹಿಂಬದಿಯನ್ನು ಬಿಚ್ಚಿ, ಒಳಗಿರುವುದು ಬೆರಳಿನ ತುದಿಯಷ್ಟಿರುವ 12 ವೋಲ್ಟಿನ ಸೆಲ್ಲೋ, 3 ವೋಲ್ಟಿನ ಚಪ್ಪಟೆ ಸಿಆರ್2032 ಸೆಲ್ಲೋ ಎಂಬುದನ್ನು ನೋಡಿ. 12 ವೋಲ್ಟಿನಲ್ಲಿ 23ಎ ಮತ್ತು 27ಎ ಎಂಬ ಎರಡು ಬಗೆಗಳಿವೆ. ಉದ್ದ ಹೆಚ್ಚುಕಡಿಮೆ ಒಂದೇ ಆದರೂ 27ಎ ತುಸು ಸಣಕಲು. 23ಎ ಜಾಗದಲ್ಲಿ ಹಾಕಿದರೆ ಸಡಿಲಾಗಿ ಕೂತು ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಆದ್ದರಿಂದ ಅಂಗಡಿಗೆ ಹಳೆಯ ಸೆಲ್ಲನ್ನೇ ಒಯ್ಯಿರಿ. ಹೊಸ ಸೆಲ್ ಹಾಕುವ ಮುನ್ನ ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆಯಬೇಕು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ರಿಮೋಟ್ ಇಡುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು, ಕಾವಿಗೆ ಸೆಲ್ ಬೇಗ ಸಾಯುತ್ತದೆ.

ಟಿವಿ ರಿಮೋಟನ್ನು ಮೊಬೈಲ್ ಕ್ಯಾಮೆರಾ ಎದುರು ಹಿಡಿದು ಬೆಳಕು ಬರುತ್ತದೆಯೇ ಎಂದು ನೋಡುವ ಉಪಾಯ ಇಲ್ಲಿ ನಡೆಯದು. ಟಿವಿಯದು ಕಣ್ಣಿಗೆ ಕಾಣದ ಬೆಳಕು, ಷಟರಿನದು ರೇಡಿಯೊ ತರಂಗ. ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲವೆಂದು ಒಳ್ಳೆಯ ರಿಮೋಟನ್ನು ಎಸೆಯಬೇಡಿ.

ಸೆಲ್ ಬದಲಿಸಿದ ಮೇಲೂ ಎರಡೂ ರಿಮೋಟ್‌ಗಳು ಸುಮ್ಮನಿದ್ದರೆ ರಿಸೀವರ್ ಕಡೆ ತಿರುಗಬೇಕು. ಕಂಟ್ರೋಲ್ ಬಾಕ್ಸಿನಲ್ಲಿ 230 ವೋಲ್ಟ್ ಹರಿಯುವುದರಿಂದ ಮುಚ್ಚಳ ತೆಗೆಯುವ ಮುನ್ನ ಎಂಸಿಬಿಯನ್ನು ಇಳಿಸುವುದು ಕಡ್ಡಾಯ. ಬೋರ್ಡಿನಿಂದ ಹೊರಟ ಒಂಟಿ ತೆಳು ತಂತಿಯೇ ಆಂಟೆನಾ. 433 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ರಿಮೋಟ್‌ಗಳಿಗೆ ಅದರ ಉದ್ದ ಸಾಮಾನ್ಯವಾಗಿ 17 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಬಣ್ಣ ಬಳಿಯುವವರು ಇದನ್ನು ಬೇಡದ ತಂತಿಯೆಂದು ಕತ್ತರಿಸಿರುವುದುಂಟು, ಸುರುಳಿ ಸುತ್ತಿ ಒಳಗೆ ತುರುಕಿರುವುದೂ ಉಂಟು. ಅದನ್ನು ಕಬ್ಬಿಣಕ್ಕೆ ತಾಗದಂತೆ ನೇರವಾಗಿ ಇಳಿಬಿಡಿ. ಹತ್ತಿರದಲ್ಲಿ ಹೊಸ ಎಲ್‌ಇಡಿ ಬಲ್ಬ್ ಹಾಕಿದ ದಿನದಿಂದ ತೊಂದರೆ ಶುರುವಾಗಿದ್ದರೆ ಅದನ್ನು ಆರಿಸಿ ರಿಮೋಟ್ ಒತ್ತಿ. ಅಗ್ಗದ ಬಲ್ಬುಗಳ ಗದ್ದಲದಲ್ಲಿ ಸಂಕೇತ ಮುಳುಗಿಹೋಗುವುದು ಹೊಸದೇನಲ್ಲ.

ಇಷ್ಟಾದರೂ ಫಲವಿಲ್ಲದಿದ್ದರೆ ರಿಮೋಟನ್ನು ರಿಸೀವರ್‌ಗೆ ಮತ್ತೆ ಪರಿಚಯಿಸಬೇಕು. ಬೋರ್ಡಿನ ಮೇಲಿನ ಲರ್ನ್ ಬಟನ್ನನ್ನು ಒಮ್ಮೆ ಒತ್ತಿದಾಗ ಪಕ್ಕದ ದೀಪ ಹೊತ್ತಿಕೊಳ್ಳುತ್ತದೆ. ಅದು ಆರುವುದರೊಳಗೆ ರಿಮೋಟಿನ ಬಟನ್ ಒತ್ತಿದರೆ ದೀಪ ಮಿನುಗಿ ಒಪ್ಪಿಗೆ ಸೂಚಿಸುತ್ತದೆ. ಇದಕ್ಕೆ ಕರೆಂಟ್ ಬೇಕೇಬೇಕಾದ್ದರಿಂದ, ಎಂಸಿಬಿ ಏರಿಸಿದ ನಂತರ ಆ ಬಟನ್ ಹೊರತು ಬೇರೇನನ್ನೂ ಮುಟ್ಟಕೂಡದು. ಲರ್ನ್ ಬಟನ್ನನ್ನು ಬಹಳ ಹೊತ್ತು ಹಿಡಿದರೆ ಅನೇಕ ಮಾದರಿಗಳಲ್ಲಿ ಎಲ್ಲ ರಿಮೋಟ್‌ಗಳ ನೆನಪೂ ಅಳಿಸಿಹೋಗುತ್ತದೆ. ರಿಮೋಟ್ ಕಳೆದುಹೋಗಿದ್ದರೆ ಬೇಕೆಂದೇ ಹಾಗೆ ಅಳಿಸಿ ಉಳಿದವನ್ನು ಮರಳಿ ಸೇರಿಸುವುದು ಸುರಕ್ಷಿತ. ಕಾಪಿ ರಿಮೋಟ್ ಮಾಡಿಸುವವರು ತಮ್ಮದು ರೋಲಿಂಗ್ ಕೋಡ್ ಮಾದರಿಯೇ ಎಂದು ವಿಚಾರಿಸಿಕೊಳ್ಳಲಿ. ಪ್ರತಿ ಸಲ ಸಂಕೇತ ಬದಲಿಸುವ ಆ ಮಾದರಿಯನ್ನು ಸಾಮಾನ್ಯ ಕಾಪಿ ರಿಮೋಟ್ ಅನುಕರಿಸಲಾರದು, ಕೊಟ್ಟ ದುಡ್ಡು ನೀರುಪಾಲು.

ರಿಮೋಟ್ ಒತ್ತಿದಾಗ ಬಾಕ್ಸಿನಲ್ಲಿ ‘ಟಕ್’ ಎಂಬ ರಿಲೇ (ಮೋಟಾರಿಗೆ ಕರೆಂಟ್ ಜೋಡಿಸುವ ಸ್ವಿಚ್) ಸದ್ದು ಕೇಳಿಸಿಯೂ ಮೋಟಾರ್ ಗುಂಯ್‌ಗುಡುತ್ತ ತಿರುಗದಿದ್ದರೆ ರಿಮೋಟ್ ನಿರಪರಾಧಿ. ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಷಟರ್ ಪಟ್ಟಿ ಎಲ್ಲೋ ಸಿಕ್ಕಿಕೊಂಡಿರಬಹುದು. ಬಟನ್ ಮತ್ತೆ ಮತ್ತೆ ಒತ್ತದೆ ಎಂಸಿಬಿ ಇಳಿಸಿ, ಕೈಸರಪಳಿ ಎಳೆದು ಷಟರ್ ಮುಚ್ಚಿ, ಕೇಳಿಸಿದ ಸದ್ದು ಯಾವ ಬಗೆಯದೆಂಬುದನ್ನು ಮೆಕ್ಯಾನಿಕ್‌ಗೆ ಫೋನಿನಲ್ಲೇ ತಿಳಿಸಿದರೆ ಆತ ಸರಿಯಾದ ಬಿಡಿಭಾಗ ಹಿಡಿದುಕೊಂಡೇ ಬರುತ್ತಾನೆ.