ಒಂದು ತುದಿ ಮ್ಯೂನಿಕ್‌ನಲ್ಲಿ, ಇನ್ನೊಂದು ತುದಿ ತುಮಕೂರಿನಲ್ಲಿ: ಹೊಸಬರಿಗೆ ಕೆಲಸದ ಮಾರ್ಗದರ್ಶಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಮ್ಯೂನಿಕ್‌ಗೆ ಬರುವ ಎಂಜಿನಿಯರುಗಳಲ್ಲಿ ಹಲವರ ಪಾಲಿಗೆ ಬೀಳುವ ಪ್ರಾಜೆಕ್ಟಿನ ಒಂದು ತುದಿ ಇಲ್ಲಿದ್ದರೆ ಇನ್ನೊಂದು ತುದಿ ಊರಿನ ಕಡೆಯೇ ಇರುತ್ತದೆ. ವಿನ್ಯಾಸ ಇಲ್ಲಿ ಆಗುತ್ತದೆ, ಬಿಡಿಭಾಗ ವಸಂತನರಸಾಪುರದಲ್ಲೋ ನರಸಾಪುರದಲ್ಲೋ ಮಾಲೂರಿನಲ್ಲೋ ತಯಾರಾಗುತ್ತದೆ, ನಡುವೆ ಕನ್ನಡ ಬಲ್ಲವರು ಎಂಬ ಕಾರಣಕ್ಕೆ ನಿಮ್ಮನ್ನು ನಿಲ್ಲಿಸಲಾಗುತ್ತದೆ. ವೀಸಾ, ಬಾಡಿಗೆ ಮನೆ, ಆರೋಗ್ಯ ವಿಮೆಗಳ ಬಗ್ಗೆ ತಿಳಿಸಿಕೊಡುವವರು ಇಲ್ಲಿ ಸಾಕಷ್ಟು ಮಂದಿ ಇದ್ದಾರೆ. ಈ ಬರಹ ಆ ನಡುವಿನ ಜಾಗದಲ್ಲಿ ನಿಂತು ಕೆಲಸ ಮಾಡುವುದು ಹೇಗೆ ಎಂಬುದಕ್ಕೆ ಮಾತ್ರ ಸೀಮಿತ.

ಇಂಥ ಕೆಲಸ ನಮ್ಮ ಸೀಮೆಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಾಗ ಯೋಜನೆ ಮೈಸೂರು ಸರ್ಕಾರದ್ದು, ಟರ್ಬೈನುಗಳು ಜ್ಯೂರಿಕ್‌ನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು, ಗಣಿಗಳನ್ನು ನಡೆಸುತ್ತಿದ್ದವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಪತ್ರವೊಂದು ಸಮುದ್ರ ದಾಟಲು ವಾರಗಟ್ಟಲೆ ಹಿಡಿಯುತ್ತಿದ್ದ ಆ ಕಾಲದಲ್ಲಿ ಪ್ರತಿಯೊಂದನ್ನೂ ಕಾಗದದ ಮೇಲೆ ಬಿಡಿಸಿ ಬರೆಯದೆ ಬೇರೆ ದಾರಿ ಇರಲಿಲ್ಲ. ಈಗ ಯಾರನ್ನು ಬೇಕಾದರೂ ಒಂದು ಕರೆಯಲ್ಲಿ ಹಿಡಿಯಬಹುದಾದ್ದರಿಂದ ಆ ಶಿಸ್ತು ಸಡಿಲವಾಗಿದೆ, ಮತ್ತು ಗಡಿ ದಾಟಿದ ಕೆಲಸ ಕೆಡುವುದು ಬಹುಪಾಲು ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಲೌಫೆನ್‌ಬುರ್ಗ್ ಎಂಬಲ್ಲಿ ರೈನ್ ನದಿಗೆ ಕಟ್ಟಿದ ಸೇತುವೆಯ ಕಥೆಯನ್ನು ಇಲ್ಲಿನ ಎಂಜಿನಿಯರುಗಳು ಆಗಾಗ ನೆನೆಯುತ್ತಾರೆ. ಎರಡೂ ದಡಗಳಿಂದ ಕೆಲಸ ಸಾಗುತ್ತಿದ್ದಾಗ, 2003ರಲ್ಲಿ, ಎರಡು ಬದಿಗಳ ಎತ್ತರದಲ್ಲಿ 54 ಸೆಂಟಿಮೀಟರ್ ವ್ಯತ್ಯಾಸ ಕಂಡುಬಂತು. ಜರ್ಮನಿ ಎತ್ತರವನ್ನು ಉತ್ತರ ಸಮುದ್ರದ ಮಟ್ಟದಿಂದ ಅಳೆಯುತ್ತದೆ, ಸ್ವಿಟ್ಜರ್ಲೆಂಡ್ ಮೆಡಿಟರೇನಿಯನ್ ಸಮುದ್ರದ ಮಟ್ಟದಿಂದ. ಎರಡರ ನಡುವಿನ ಅಂತರ 27 ಸೆಂಟಿಮೀಟರ್. ಈ ಅಂತರ ಎರಡೂ ಕಡೆಯವರಿಗೆ ಮೊದಲೇ ಗೊತ್ತಿತ್ತು. ಆದರೆ ಸರಿಪಡಿಸುವಾಗ ಕೂಡಿಸಬೇಕಾದಲ್ಲಿ ಕಳೆದದ್ದರಿಂದ ವ್ಯತ್ಯಾಸ ಇಲ್ಲವಾಗುವ ಬದಲು ಇಮ್ಮಡಿಯಾಯಿತು. ಭಾಷೆ ಒಂದೇ, ನದಿ ಒಂದೇ, ಇಬ್ಬರೂ ನುರಿತವರು. ಅವರ ನಡುವೆಯೇ ಹೀಗಾದರೆ ಮ್ಯೂನಿಕ್ ಮತ್ತು ತುಮಕೂರಿನ ನಡುವೆ ಎಷ್ಟು ಎಚ್ಚರ ಬೇಕೆಂಬುದನ್ನು ನೀವೇ ಊಹಿಸಬಹುದು.

ಆದ್ದರಿಂದ ಮೊದಲು ಅಂಕಿಗಳ ವಿಷಯ. ಜರ್ಮನರು 1.250 ಎಂದು ಬರೆದರೆ ಅದು ಒಂದು ಸಾವಿರದ ಇನ್ನೂರ ಐವತ್ತು. 2,5 ಎಂದು ಬರೆದರೆ ಎರಡೂವರೆ. ನಕ್ಷೆಗಳಲ್ಲಿ ಭಾರತವೂ ಜರ್ಮನಿಯೂ ಫಸ್ಟ್ ಆಂಗಲ್ ಪದ್ಧತಿಯವು (ವಸ್ತುವಿನ ಎಡಬದಿಯ ನೋಟವನ್ನು ಬಲಕ್ಕೆ ಬಿಡಿಸುವುದು), ಜಪಾನ್ ಮತ್ತು ಅಮೆರಿಕ ಥರ್ಡ್ ಆಂಗಲ್ ಪದ್ಧತಿಯವು (ಎಡಬದಿಯ ನೋಟವನ್ನು ಎಡಕ್ಕೇ ಬಿಡಿಸುವುದು); ಜಪಾನಿ ಕಂಪನಿಗಳಿಗೆ ಬಿಡಿಭಾಗ ಮಾಡಿ ಅಭ್ಯಾಸವಿರುವ ನರಸಾಪುರದ ಘಟಕಕ್ಕೆ ಇಲ್ಲಿನ ನಕ್ಷೆ ಕಳುಹಿಸುವಾಗ ಮೂಲೆಯ ಚಿಹ್ನೆಯನ್ನು ಬೆರಳಿಟ್ಟು ತೋರಿಸಿ, ಇಲ್ಲವಾದರೆ ಎಡಬದಿಯ ರಂಧ್ರ ಬಲಬದಿಗೆ ಬಂದೀತು. ಗಡುವನ್ನು ಇಲ್ಲಿಯವರು ತಾರೀಕಿನಲ್ಲಿ ಹೇಳುವುದಕ್ಕಿಂತ ಹೆಚ್ಚಾಗಿ ವಾರದ ಸಂಖ್ಯೆಯಲ್ಲಿ ಹೇಳುತ್ತಾರೆ. ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಬರುತ್ತದೆಯೋ ಅದು ಒಂದನೇ ವಾರ, ವಾರ ಆರಂಭವಾಗುವುದು ಸೋಮವಾರ. ಊರಿಗೆ ತಿಳಿಸುವಾಗ ವಾರದ ಸಂಖ್ಯೆಯ ಪಕ್ಕದಲ್ಲಿ ತಾರೀಕನ್ನೂ ಬರೆಯಿರಿ.

ಇನ್ನು ಮನುಷ್ಯರ ವಿಷಯ, ಇದು ಅಂಕಿಗಳಿಗಿಂತ ಕಠಿಣ. ವಾರದ ವಿಡಿಯೊ ಸಭೆಯಲ್ಲಿ ಇಲ್ಲಿನ ಮ್ಯಾನೇಜರ್ ಎಲ್ಲವೂ ಸಮಯಕ್ಕೆ ಸರಿಯಾಗಿ ಆಗುತ್ತದೆಯೇ ಎಂದು ಕೇಳುತ್ತಾರೆ, ಆ ಕಡೆಯಿಂದ ಆಗುತ್ತದೆ ಎಂಬ ಉತ್ತರ ಬರುತ್ತದೆ, ಸಭೆ ಮುಗಿಯುತ್ತದೆ. ಹತ್ತು ನಿಮಿಷದೊಳಗೆ ನಿಮ್ಮ ಫೋನ್ ಬಡಿದುಕೊಳ್ಳುತ್ತದೆ: “ಸಾರ್, ಅವರ ಮುಂದೆ ಹೇಳಕ್ಕಾಗಲಿಲ್ಲ. ಡೈ ಬಿರುಕು ಬಿಟ್ಟಿದೆ, ಇನ್ನೂ ಹದಿನೈದು ದಿನ ಬೇಕು. ನೀವೇ ಹೆಂಗಾದ್ರೂ ಮಾಡಿ ಹೇಳಿ.” (ಡೈ ಎಂದರೆ ಬಿಡಿಭಾಗಕ್ಕೆ ಆಕಾರ ಕೊಡುವ ಅಚ್ಚು.) ಅವರು ಸುಳ್ಳು ಹೇಳಿದ್ದಲ್ಲ. ಸಭೆಯಲ್ಲಿ ಅವರ ಮಾಲೀಕರೂ ಇದ್ದರು, ಹಿರಿಯರ ಎದುರು, ಹೊರಗಿನವರ ಮುಂದೆ, ತಮ್ಮ ಘಟಕದ ಕೊರತೆಯನ್ನು ತಾವಾಗಿ ಬಿಚ್ಚಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದೇ ಸಮಯದಲ್ಲಿ ಇಲ್ಲಿನ ಮ್ಯಾನೇಜರ್ ಆ ಉತ್ತರವನ್ನು ನಂಬಿ ಮುಂದಿನ ಕಾರ್ಖಾನೆಗೆ ಮಾತು ಕೊಟ್ಟಾಗಿರುತ್ತದೆ. ಜರ್ಮನಿಯಲ್ಲಿ ತಡವಾದದ್ದನ್ನು ಕ್ಷಮಿಸುತ್ತಾರೆ. ತಡವಾಗುವುದು ಗೊತ್ತಿದ್ದೂ ಹೇಳದಿದ್ದುದನ್ನು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ.

ಆ ಕರೆ ಬಂದಾಗ ಸುದ್ದಿಯನ್ನು ನಿಮ್ಮೊಳಗೇ ಇಟ್ಟುಕೊಳ್ಳಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದು ಹೊರೆಯನ್ನು ಹೆಗಲಿಗೇರಿಸಿಕೊಳ್ಳಲೂ ಬೇಡಿ. ಊರಿನವರೆಂಬ ಅಭಿಮಾನದಿಂದ ಹೀಗೆ ಮಾಡುವವರು ಕೆಲವೇ ತಿಂಗಳಲ್ಲಿ ಎರಡೂ ಕಡೆಯವರ ಕಣ್ಣಿನಲ್ಲಿ ತಪ್ಪಿತಸ್ಥರಾಗುತ್ತಾರೆ. ಕರೆ ಮಾಡಿದವರನ್ನು ಗದರದೆ, ಅದೇ ದಿನ ಅವರ ಹೆಸರಿನಲ್ಲೇ ಒಂದು ಇಮೇಲ್ ಬರೆಸಿ. “ಕೆಲಸ ನಡೆಯುತ್ತಿದೆ, ಶೀಘ್ರದಲ್ಲೇ ಕಳುಹಿಸುತ್ತೇವೆ” ಎಂಬ ಒಕ್ಕಣೆ ಇಲ್ಲಿ ಯಾರಿಗೂ ಉಪಯೋಗವಿಲ್ಲ. “ನಾಲ್ಕು ಭಾಗಗಳಲ್ಲಿ ಎರಡು ಸಿದ್ಧವಾಗಿವೆ. ಮೂರನೆಯದರ ಡೈ ಬಿರುಕು ಬಿಟ್ಟಿದೆ, ದುರಸ್ತಿ ಟೂಲ್‌ರೂಮಿನಲ್ಲಿ ನಡೆದಿದೆ. 37ನೇ ವಾರದ ಬದಲು 39ನೇ ವಾರಕ್ಕೆ ಕೊಡುತ್ತೇವೆ. ಸಿದ್ಧವಾದ ಎರಡನ್ನು ಈಗಲೇ ಕಳುಹಿಸಬಹುದೇ?” ಎಂದು ಬರೆದರೆ ಮ್ಯಾನೇಜರ್‌ಗೆ ಮುಂದಿನ ದಾರಿ ಕಾಣುತ್ತದೆ, ಬೈಗುಳವೂ ಸಾಮಾನ್ಯವಾಗಿ ಬರುವುದಿಲ್ಲ. ಆ ವಿಷಯ ಮುಂದಿನ ಸಭೆಯ ಟಿಪ್ಪಣಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ. ಇಲ್ಲಿ ಆ ಟಿಪ್ಪಣಿಯ ಮಾತೇ ಕೊನೆಯ ಮಾತು.

ಎಲ್ಲವನ್ನೂ ನಮ್ಮವರೇ ಕಲಿಯಬೇಕು ಎಂಬ ಧೋರಣೆಯೂ ಸರಿಯಲ್ಲ. ಸಭೆಯ ನಡುವೆ ಇಡೀ ತಂಡಕ್ಕೆ ಒಮ್ಮೆಲೇ ಪ್ರಶ್ನೆ ಎಸೆದು, ಐದು ಸೆಕೆಂಡು ಕಾದು, ಯಾರೂ ಮಾತನಾಡದಿದ್ದುದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಇಲ್ಲಿಯವರ ದೌರ್ಬಲ್ಯ. ಪ್ರಶ್ನೆಗಳನ್ನು ಹಿಂದಿನ ದಿನವೇ ಕಳುಹಿಸಿದರೆ ತುಮಕೂರಿನವರು ತಮ್ಮ ಮೇಲಿನವರೊಂದಿಗೆ ಮಾತನಾಡಿಕೊಂಡು ಬರುತ್ತಾರೆ ಎಂಬುದನ್ನು ನಿಮ್ಮ ಮ್ಯಾನೇಜರ್‌ಗೆ ನೀವೇ ತಿಳಿಸಬೇಕು. ಕಾರಣ ವಿವರಿಸಿದರೆ ಒಪ್ಪುತ್ತಾರೆ. ಇಲ್ಲಿ ಕಿರಿಯ ಎಂಜಿನಿಯರ್ ವಿಭಾಗದ ಮುಖ್ಯಸ್ಥರ ಲೆಕ್ಕ ತಪ್ಪೆಂದು ಎಲ್ಲರೆದುರು ಹೇಳಿ, ಅರ್ಧ ಗಂಟೆಯ ನಂತರ ಅವರೊಂದಿಗೇ ಊಟಕ್ಕೆ ಹೋಗುವುದನ್ನು ನೀವು ನೋಡುವಿರಿ. ನಿಮ್ಮ ಕೆಲಸವನ್ನೂ ಹಾಗೆಯೇ ತೂಗುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಕನ್ನಡದಿಂದ ತೆಲುಗಿಗೆ, ಅಲ್ಲಿಂದ ಮತ್ತೆ ಕನ್ನಡಕ್ಕೆ ಹಾರುವುದು ನೀರು ಕುಡಿದಷ್ಟು ಸುಲಭ. ಆದರೆ ಸಭೆಯಲ್ಲಿ ಹಾಗೆ ಮಾತನಾಡಿದರೆ ಉಳಿದವರಿಗೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎನಿಸುತ್ತದೆ. ಮಾತನಾಡಲೇಬೇಕಾದರೆ ಅನುಮತಿ ಕೇಳಿ, ಮುಗಿದ ಮೇಲೆ ಸಾರವನ್ನು ಎಲ್ಲರಿಗೂ ತಿಳಿಸಿ.

ವೇಳೆಯ ವಿಷಯದಲ್ಲಿ ಭಾರತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದಿದೆ. ಯುರೋಪಿನ ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು, ಅಮೆರಿಕದ್ದು ಮಾರ್ಚ್‌ನ ಎರಡನೆಯ ಮತ್ತು ನವೆಂಬರ್‌ನ ಮೊದಲನೆಯ ಭಾನುವಾರಗಳಂದು, ಆದ್ದರಿಂದ ಮೂರು ದೇಶಗಳ ಸಭೆಯಿದ್ದರೆ ನಡುವಿನ ವಾರಗಳಲ್ಲಿ ಯಾರಾದರೊಬ್ಬರು ತಪ್ಪು ಹೊತ್ತಿಗೆ ಬರುವುದು ಖಂಡಿತ. ಊರಿನವರ ಅನುಕೂಲಕ್ಕೆಂದು ಬೆಳಗಿನ ಐದೂವರೆಗೆ ಕರೆ ಇಟ್ಟುಕೊಳ್ಳುವ ಅಭ್ಯಾಸ ಬೇಡ. ಇಲ್ಲಿನ ಕಾನೂನು ಒಂದು ದಿನದ ಕೆಲಸ ಮುಗಿದು ಮರುದಿನದ್ದು ಆರಂಭವಾಗುವ ನಡುವೆ ಸಾಮಾನ್ಯವಾಗಿ 11 ಗಂಟೆಗಳ ವಿರಾಮ ಕೇಳುತ್ತದೆ, ಮತ್ತು ಅದನ್ನು ಮುರಿಯುವ ಉದ್ಯೋಗಿಯನ್ನು ಶ್ರಮಜೀವಿ ಎಂದು ಯಾರೂ ಹೊಗಳುವುದಿಲ್ಲ.

ರಜೆಗಳ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಎರಡೂ ಕಡೆಯವರು ಅದಲುಬದಲು ಮಾಡಿಕೊಳ್ಳಿ. ಕುತೂಹಲವೆಂದರೆ ಆಗಸ್ಟ್ 15 ಮತ್ತು ನವೆಂಬರ್ 1, ಅಂದರೆ ನಮ್ಮ ಸ್ವಾತಂತ್ರ್ಯ ದಿನ ಮತ್ತು ರಾಜ್ಯೋತ್ಸವ, ಮ್ಯೂನಿಕ್‌ನಲ್ಲೂ ಕ್ರೈಸ್ತ ಹಬ್ಬಗಳ ಕಾರಣ ರಜೆ. ಯುಗಾದಿ, ಆಯುಧಪೂಜೆಗಳನ್ನು ಮಾತ್ರ ನೀವೇ ನೆನಪಿಸಬೇಕು. ಆಯುಧಪೂಜೆಯಂದು ಯಂತ್ರಗಳು ನಿಲ್ಲುತ್ತವೆ ಎಂಬುದು ಇಲ್ಲಿನ ಯೋಜನಾ ವಿಭಾಗಕ್ಕೆ ಹೊಳೆಯುವುದೇ ಇಲ್ಲ. ಜರ್ಮನ್ ಗುಣಮಟ್ಟ ಪರೀಕ್ಷಕರು ತುಮಕೂರಿಗೆ ಹೋದಾಗ ಹಾರ, ಶಾಲು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಲ್ಲವೂ ಇರಲಿ, ಆದರೆ ಮೊದಲ ಬೆಳಗನ್ನು ಯಂತ್ರಗಳ ಬಳಿಯೇ ಕಳೆಯಲು ಬಿಡುವಂತೆ ಘಟಕದವರಿಗೆ ತಿಳಿಸಿ.

ಊರಿಗೆ ಹೋದಾಗ ಎರಡು ವಾರ ಅಲ್ಲಿಂದಲೇ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಬಹುದೆಂದು ನೀವಾಗಿ ತೀರ್ಮಾನಿಸಬೇಡಿ. ತೆರಿಗೆ, ಸಾಮಾಜಿಕ ವಿಮೆ, ಮಾಹಿತಿ ಸುರಕ್ಷತೆ ಮೂರೂ ಅದರಲ್ಲಿ ಸೇರಿರುವುದರಿಂದ ಟಿಕೆಟ್ ಕೊಳ್ಳುವ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಭಾರತದ ಕಂಪನಿಯೇ ನಿಮ್ಮನ್ನು ಇಲ್ಲಿಗೆ ನಿಯೋಜಿಸಿದ್ದರೆ, 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದ ಅಡಿಯಲ್ಲಿ ಭವಿಷ್ಯ ನಿಧಿ ಸಂಸ್ಥೆಯಿಂದ ಕವರೇಜ್ ಪ್ರಮಾಣಪತ್ರವನ್ನು (ನಿಮ್ಮ ವಂತಿಗೆ ಭಾರತದಲ್ಲೇ ಮುಂದುವರಿದಿದೆ ಎಂಬ ದಾಖಲೆ) ಹೊರಡುವ ಮೊದಲೇ ಮಾಡಿಸಿಕೊಂಡು ಬನ್ನಿ. ಅದು ಕೈಯಲ್ಲಿಲ್ಲದಿದ್ದರೆ ಅಲ್ಲಿನ ಪಿಎಫ್ ಜೊತೆಗೆ ಇಲ್ಲಿನ ಪಿಂಚಣಿ ವಂತಿಗೆಯೂ ಸಂಬಳದಲ್ಲಿ ಕಡಿತವಾಗುವ ಸಂಭವವಿದೆ.