ಜೆರಾಕ್ಸ್ ಅಂಗಡಿಯ ಪ್ರಶ್ನೆ: ನಮ್ಮ ಸಂಘದ ಸಿಬ್ಬಂದಿಗೆ ಎಐ ಕೈಪಿಡಿ ಬರೆದ ಅನುಭವ

ನಾನು ಪತ್ತಿನ ಸಹಕಾರ ಸಂಘವೊಂದರ ಆಡಳಿತ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಸಾಫ್ಟ್‌ವೇರ್ ಓದಿದವರು ಯಾರೂ ಇಲ್ಲ. ಅಕೌಂಟೆಂಟ್, ಕ್ಯಾಷಿಯರ್, ಸಾಲ ವಿಭಾಗದ ಗುಮಾಸ್ತರು, ಅಟೆಂಡರ್, ಇಷ್ಟೇ. ಸಿಬ್ಬಂದಿಗೆ ಎಐ ಬಳಕೆಯ ಕೈಪಿಡಿ ಬೇಕು ಅಂತ ಆಡಳಿತ ಮಂಡಳಿ ಹೇಳಿದಾಗ, ಬೇರೆ ಬೇರೆ ಕಂಪನಿಗಳ ಪಾಲಿಸಿಗಳನ್ನು ತೆಗೆದು ಓದಿದೆ. ಎಲ್ಲದರಲ್ಲೂ ಪಾರದರ್ಶಕತೆ, ಉತ್ತರದಾಯಿತ್ವ, ನ್ಯಾಯಸಮ್ಮತತೆ. ಮಾತೇನೋ ಸರಿ. ಆದರೆ ಸಾಲದ ಫೈಲ್ ಹಿಡಿದು ಕೂತ ಗುಮಾಸ್ತರಿಗೆ ಇದರಿಂದ ಏನು ಗೊತ್ತಾಗಬೇಕು?

ಅದನ್ನೆಲ್ಲ ಬದಿಗಿಟ್ಟು, ನೋಟ್‌ಬುಕ್ ಹಿಡಿದು ಒಂದೊಂದೇ ಟೇಬಲ್ಲಿಗೆ ಹೋದೆ. 'ನಾವು ಅದನ್ನೆಲ್ಲ ಬಳಸಲ್ಲ ಸರ್' ಅಂದವರೇ ಜಾಸ್ತಿ. ವಾಟ್ಸಾಪಿನಲ್ಲಿರುವ ನೀಲಿ ಉಂಗುರ ತೋರಿಸಿದ ಮೇಲೆ, 'ಅಯ್ಯೋ, ಇದೂ ಎಐಯಾ?' ಆಮೇಲೆ ಒಂದೊಂದೇ ಹೊರಬಂತು. ಮಹಾಸಭೆಯ ನೋಟಿಸ್, ಟಪಾಲಿಗೆ ಉತ್ತರ, ಎಕ್ಸೆಲ್ ಫಾರ್ಮುಲಾ, ಇಂಗ್ಲಿಷ್ ಪತ್ರದ ಅನುವಾದ. ಒಬ್ಬರು ಸಾಲದ ಅರ್ಜಿಯ ಫೋಟೋ ಹಾಕಿ, 'ಇದನ್ನು ಟೇಬಲ್ ಮಾಡಿಕೊಡು' ಅಂತ ಕೇಳಿದ್ದರು. ಅದರಲ್ಲಿ ಆಧಾರ್ ಸಂಖ್ಯೆ, ಜಾಮೀನುದಾರರ ವಿಳಾಸ, ಪಹಣಿ ವಿವರ ಎಲ್ಲ ಇತ್ತು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಬೇಡ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇದನ್ನು ಕೇಳಿದ ಕಾರ್ಯದರ್ಶಿಗಳು ಪೂರ್ತಿ ನಿಷೇಧಿಸೋಣ ಎಂದರು. ಅದಕ್ಕೆ ಉದಾಹರಣೆಯೂ ಇತ್ತು. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತನ್ನ ಸಿಬ್ಬಂದಿಗೆ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವು ಬೇಡ ಎಂದು ಸೂಚಿಸಿತ್ತು. ನಾನು ಒಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಬೇಡ ಅಂದರೆ ಜೇಬಿನಲ್ಲಿರುವ ಫೋನಿನಲ್ಲಿ ಮಾಡುತ್ತಾರೆ, ಆಗ ನಮಗೆ ಗೊತ್ತೂ ಆಗುವುದಿಲ್ಲ. ಕೊನೆಗೆ ಅವರೂ ತಲೆಯಾಡಿಸಿದರು. ಒಂದೇ ಷರತ್ತು: ಸದಸ್ಯರ ಮಾಹಿತಿ ಹೊರಗೆ ಹೋಗಕೂಡದು.

ಅದಕ್ಕಾಗಿಯೇ ಕೈಪಿಡಿಯ ಮೊದಲ ಸಾಲಿನಲ್ಲಿ, ಎಐಗೆ ಏನನ್ನಾದರೂ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇಟ್ಟೆ: 'ಈ ಕಾಗದವನ್ನು ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬರುತ್ತೀರಾ?' ಮಹಾಸಭೆಯ ನೋಟಿಸ್ ಆದರೆ ಬಿಡಬಹುದು, ಹೇಗೂ ಎಲ್ಲರಿಗೂ ಹಂಚುವುದೇ. ಸಾಲದ ಲೆಡ್ಜರ್ ಬಿಡುತ್ತೀರಾ? ಡೇಟಾ, ಸರ್ವರ್, ಟ್ರೈನಿಂಗ್ ಅಂತ ವಿವರಿಸುವ ಕೆಲಸವೇ ಬರಲಿಲ್ಲ.

ನಿಯಮಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಪಕ್ಕಪಕ್ಕ ಮುದ್ರಿಸಿದ ಎರಡು ಮಾದರಿಗಳು. ಎಡಕ್ಕೆ, ಹೀಗೆ ಕೇಳಬೇಡಿ: ಸದಸ್ಯರ ಹೆಸರು, ಖಾತೆ ಸಂಖ್ಯೆ, ಊರು, ಬಾಕಿ, ಫೋನ್ ನಂಬರ್ ಎಲ್ಲ ಹಾಕಿ 'ನೋಟಿಸ್ ಬರೆದುಕೊಡು'. ಬಲಕ್ಕೆ, ಹೀಗೆ ಕೇಳಿ: 'ಮೂರು ಕಂತು ಕಟ್ಟದ ಸದಸ್ಯರಿಗೆ ಸೌಜನ್ಯದ ಜ್ಞಾಪನಾ ಪತ್ರ ಬೇಕು. ಹೆಸರು, ಖಾತೆ, ಮೊತ್ತದ ಜಾಗ ಖಾಲಿ ಬಿಡು. ಬೆದರಿಕೆಯ ಮಾತು ಬೇಡ.' ಪತ್ರ ಬಂದ ಮೇಲೆ ವಿವರಗಳನ್ನು ನಮ್ಮ ಕಂಪ್ಯೂಟರಿನಲ್ಲೇ ತುಂಬಿಕೊಳ್ಳುವುದು. ಸಾಲ ವಿಭಾಗದವರು ಈ ಪುಟವನ್ನು ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಇನ್ನು ತಪ್ಪು ಉತ್ತರದ ವಿಷಯ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಬೇಕಾಯಿತು. ಸಭೆಯಲ್ಲಿ ಹೇಳಿದೆ, ಯಾರಿಗೂ ತಟ್ಟಲಿಲ್ಲ. ನ್ಯೂಯಾರ್ಕ್ ಎಲ್ಲಿ, ನಾವೆಲ್ಲಿ! ಹಾಗಾಗಿ ಅವರೆದುರೇ ಒಂದು ಎಐ ಟೂಲ್ ತೆರೆದು, ಸಹಕಾರ ಸಂಘದ ಬಾಕಿ ವಿವಾದವನ್ನು ಯಾವ ಕಲಂ ಅಡಿ ದಾಖಲಿಸಬೇಕು ಅಂತ ಕೇಳಿದೆ. 91 ಅಂತ ಠಾಕುಠೀಕಾಗಿ ಉತ್ತರ ಬಂತು. ಅದು ಮಹಾರಾಷ್ಟ್ರದ ಕಾಯ್ದೆ. ನಮ್ಮದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, ಕಲಂ 70. ನಮ್ಮ ಹಳೆಯ ಗುಮಾಸ್ತರಿಗೆ ಅದು ಬಾಯಿಪಾಠ. 'ಇದನ್ನು ನಂಬಿ ದಾವೆ ಹಾಕಿದ್ದರೆ ನಮ್ಮ ಕಥೆ ಮುಗೀತಿತ್ತು' ಅಂತ ನಕ್ಕರು. ಕಲಂ, ದಿನಾಂಕ, ಬಡ್ಡಿ ದರ, ಮೊತ್ತ, ಈ ನಾಲ್ಕನ್ನು ಮೂಲ ಕಾಗದದ ಜೊತೆ ತಾಳೆ ನೋಡದೆ ಸಹಿ ಹಾಕಬಾರದು ಎಂಬ ನಿಯಮ ಅವತ್ತೇ ಸೇರಿತು. ಸಹಿ ಯಾರದೋ, ಜವಾಬ್ದಾರಿಯೂ ಅವರದೇ.

ಬೇರೆ ಕೈಪಿಡಿಗಳಲ್ಲಿ ನನಗೆ ಸಿಗದ ತಲೆನೋವು ಇನ್ನೊಂದಿತ್ತು. ನಮ್ಮ ಹಳೆಯ ನಡಾವಳಿಗಳೆಲ್ಲ ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ವ್ಯವಸ್ಥೆ) ಅಲ್ಲದ ನುಡಿ ಫಾಂಟಿನಲ್ಲಿವೆ. ಅದನ್ನು ನಕಲು ಮಾಡಿ ಎಐಗೆ ಹಾಕಿದರೆ ಹೋಗುವುದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಓದಲಾಗಲಿಲ್ಲ ಅಂತ ಹೇಳಿದರೆ ಪರವಾಗಿಲ್ಲ. ಒಮ್ಮೆ ಅದರಿಂದಲೇ ಒಂದು ಚಂದದ ಸಾರಾಂಶ ಬಂತು, ನಮ್ಮ ಸಭೆಯಲ್ಲಿ ಆಗದ ನಿರ್ಣಯಗಳ ಸಮೇತ! ಮೊದಲು ಯುನಿಕೋಡ್‌ಗೆ ಬದಲಿಸಿ, ಓದಿ ನೋಡಿ, ಆಮೇಲೆ ಮುಂದಿನ ಮಾತು ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಈ ಅಂಕಿಯನ್ನು ನಿರ್ದೇಶಕರಿಗೆ ಕೊಟ್ಟ ಟಿಪ್ಪಣಿಯಲ್ಲಿ ಬರೆದೆ, ಸಿಬ್ಬಂದಿಯ ಹಾಳೆಯಲ್ಲಿ ಬರೆಯಲಿಲ್ಲ. ಹೆದರಿದವರು ಕೇಳುವುದನ್ನೇ ಬಿಡುತ್ತಾರೆ. ನನಗೆ ಬೇಕಾಗಿದ್ದು 'ಇದನ್ನು ಹಾಕಬಹುದಾ ಸರ್?' ಅಂತ ಬಂದು ಕೇಳುವವರು.

ಸಾಲ ಕೊಡಬೇಕೋ ಬೇಡವೋ ಅಂತ ಎಐಯನ್ನು ಕೇಳಲೇಬಾರದು. ಇದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಎಐ ಬಳಸಿದ್ದನ್ನು ಪತ್ರದಲ್ಲಿ ನಮೂದಿಸಬೇಕೇ ಎಂಬುದಕ್ಕೆ ಮಾತ್ರ ಸಾಕಷ್ಟು ಜಗ್ಗಾಟ ನಡೆಯಿತು. ಸಾದಾ ಪತ್ರಕ್ಕೆ ಬೇಡ, ನಡಾವಳಿಯ ಕರಡು ಮತ್ತು ಅನುವಾದಕ್ಕೆ ಕಡತದಲ್ಲಿ ಒಂದು ಸಾಲು ಬರೆಯಬೇಕು ಅಂತ ತೀರ್ಮಾನವಾಯಿತು.

ಈಗ ಕೈಪಿಡಿ ಒಂದೇ ಹಾಳೆ, ಎರಡು ಬದಿ. ಪಿಗ್ಮಿ ಏಜೆಂಟರು ಇದರಲ್ಲಿ ಬಂದಿಲ್ಲ. ಅವರು ಕಮಿಷನ್ ಮೇಲೆ ಕೆಲಸ ಮಾಡುವವರು, ಫೋನ್ ಅವರದೇ, ಅಂಗಡಿ ಅಂಗಡಿಯ ವಸೂಲಿ ಪಟ್ಟಿಯೂ ಅದರಲ್ಲೇ. ಅವರನ್ನು ಕೂರಿಸಿಕೊಂಡು ಮಾತಾಡುವುದು ಬಾಕಿಯಿದೆ. ಸಂಜೆ ಹಣ ಜಮಾ ಮಾಡಲು ಬರುವ ಹೊತ್ತೇ ಅದಕ್ಕೆ ಸರಿ ಅನ್ನಿಸುತ್ತದೆ.