ಕಾರಿನ ಕನ್ನಡಿಗೆ ಮುಟ್ಟಾಳೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಅಡಿಕೆ ತೋಟಕ್ಕೆ ನವಿಲುಗಳು ಬರುವುದು ಹೊಸತಲ್ಲ. ಆದರೆ ಕಳೆದ ವರ್ಷ ಮೇ ತಿಂಗಳ ಒಂದು ಬೆಳಗ್ಗೆ ಟಕಟಕ ಸದ್ದು ಕೇಳಿ, ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ಹೊರಬಂದರೆ, ಗಂಡು ನವಿಲೊಂದು ಅಂಗಳದಲ್ಲಿದ್ದ ನಮ್ಮ ಕಪ್ಪು ಕಾರಿನ ಬದಿಯ ಕನ್ನಡಿಯನ್ನು ಕುಕ್ಕುತ್ತಿತ್ತು. ನಾಲ್ಕೈದು ಬಾರಿ ಕುಕ್ಕಿದ ಮೇಲೆ ಕತ್ತು ಚಾಚಿ ಕನ್ನಡಿಯ ಹಿಂಬದಿಗೆ ಇಣುಕುತ್ತಿತ್ತು. ಅಲ್ಲಿ ಯಾರೂ ಇಲ್ಲವೆಂದು ಮುಂದೆ ಬಂದರೆ ಎದುರಾಳಿ ಮತ್ತೆ ಅಲ್ಲೇ ಇರುತ್ತಿದ್ದ.

ಮರಿ ಮಾಡುವ ಕಾಲದಲ್ಲಿ ಗಂಡು ನವಿಲು ತಾನು ಗರಿಬಿಚ್ಚಿ ಕುಣಿಯುವ ಜಾಗಕ್ಕೆ ಇನ್ನೊಂದು ಗಂಡನ್ನು ಬರಗೊಡುವುದಿಲ್ಲ. ಕನ್ನಡಿಯಲ್ಲಿ ಕಾಣುವುದು ತಾನೇ ಎಂಬ ತಿಳಿವು ಹಕ್ಕಿಗಳಲ್ಲಿ ಬಹಳ ಅಪರೂಪ. ಮ್ಯಾಗ್‌ಪೈ ಹಕ್ಕಿಗೆ ಅದಿದೆಯೆಂದು ತೋರಿಸಿದ ಪ್ರಯೋಗ ಪ್ರಕಟವಾದದ್ದೇ 2008ರಲ್ಲಿ.

ಮೊದಲು ಕನ್ನಡಿಗಳನ್ನು ಮಡಚಿಟ್ಟೆ. ಮರುದಿನ ಅದು ಕಾರಿನ ಬಾಗಿಲ ಹೊಳಪಿನಲ್ಲಿ ಕಂಡ ನವಿಲಿನ ಮೇಲೆರಗಿ ಕಾಲಿನ ಮುಳ್ಳಿನಿಂದ ಗೀರಿತ್ತು. ಬೆರಳುದ್ದದ ಮೂರು ಗೀರುಗಳಲ್ಲಿ ಬಣ್ಣ ಎದ್ದು ಒಳಗಿನ ತಗಡು ಕಾಣುತ್ತಿತ್ತು. ಪಟಾಕಿ ಸಿಡಿಸಿ ಓಡಿಸಿರೆಂದು ನೆರೆಯವರೊಬ್ಬರು ಹೇಳಿದರು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅತಿ ಹೆಚ್ಚು ರಕ್ಷಣೆಯಿರುವ ಮೊದಲ ಪಟ್ಟಿಯ ಹಕ್ಕಿ. ಅದಕ್ಕಿಂತಲೂ, ತನ್ನ ಜಾಗ ಕಾಯುತ್ತಿರುವ ಜೀವವನ್ನು ಬೆದರಿಸಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಎರಡು ದಿನ ಸುಮ್ಮನೆ ನೋಡುತ್ತ ಕುಳಿತೆ. ಕಾರು ಹಲಸಿನ ಮರದ ನೆರಳಿನಲ್ಲಿದ್ದು ನವಿಲು ಬಿಸಿಲಿನಲ್ಲಿ ನಿಂತಾಗ ಪ್ರತಿಬಿಂಬ ಅತ್ಯಂತ ನಿಚ್ಚಳವಾಗಿ ಮೂಡುತ್ತದೆ, ಜಗಳ ಜೋರಾಗುವುದೂ ಆಗಲೇ ಎಂಬುದು ಹೀಗೆ ತಿಳಿಯಿತು. ಕಾರನ್ನು ಮರದಡಿಯಿಂದ ಕೊಟ್ಟಿಗೆಯ ಪಕ್ಕಕ್ಕೆ ಸರಿಸಿ, ಅಡಿಕೆ ಮುಚ್ಚುವ ಟಾರ್ಪಾಲನ್ನು ಎರಡೂ ಬದಿಯ ಬಾಗಿಲು ಮರೆಯಾಗುವಂತೆ ಇಳಿಬಿಟ್ಟೆ. ಕನ್ನಡಿಗಳಿಗೆ ಕಟ್ಟಿದ ಬಟ್ಟೆ ಗಾಳಿಗೆ ಜಾರುತ್ತಿದ್ದುದರಿಂದ, ತೋಟದ ಕೆಲಸಕ್ಕೆ ತಲೆಗೆ ತೊಡುವ, ಅಡಿಕೆ ಹಾಳೆಯ ಟೊಪ್ಪಿಗಳಾದ ಮುಟ್ಟಾಳೆಗಳನ್ನೇ ತೊಡಿಸಿ ಬಾಳೆನಾರಿನಿಂದ ಬಿಗಿದೆ. ಹಾಳೆ ಹೊಳೆಯುವುದಿಲ್ಲ, ಮಳೆಗೂ ಜಗ್ಗುವುದಿಲ್ಲ. ಗಾಡಿ ಹೊರಡಿಸುವ ಮುನ್ನ ತೆಗೆಯುವುದೊಂದನ್ನು ಮಾತ್ರ ಮರೆಯಬಾರದು.

ಮೂರನೆಯ ದಿನ ನವಿಲು ಬಂದು ಕಾರಿಗೆ ಎರಡು ಸುತ್ತು ಹಾಕಿ, ಮುಟ್ಟಾಳೆಯನ್ನು ಒಮ್ಮೆ ಮೆಲ್ಲಗೆ ಕುಕ್ಕಿ, ಟಾರ್ಪಾಲಿನ ಮುಂದೆಯೇ ಗರಿ ಬಿಚ್ಚಿ ಬಹಳ ಹೊತ್ತು ಕುಣಿಯಿತು. ಆಗಸ್ಟ್ ಕೊನೆಗೆ ಅದರ ಉದ್ದನೆಯ ಗರಿಗಳು ಒಂದೊಂದಾಗಿ ತೋಟದಲ್ಲಿ ಉದುರತೊಡಗಿದವು. ಮುಟ್ಟಾಳೆ ತೆಗೆದ ಮೇಲೂ ಅದು ಕನ್ನಡಿಯತ್ತ ತಿರುಗದೆ ದನದ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ ಕೆದಕಲು ನೆಟ್ಟಗೆ ನಡೆದುಹೋಗುತ್ತಿತ್ತು.